ಸೂಜಿ ಬಿದ್ದ ಬುಟ್ಟಿ

ನಂಜನಗೂಡಿನ ದೇವರಿಗೆ ‘ಹಕೀಂ ನಂಜುಂಡ’ ಎಂಬ ಹೆಸರೂ ಉಂಟು. ಟಿಪ್ಪುವಿನ ಆನೆಯ ಕಣ್ಣು ಈ ಸ್ವಾಮಿಯ ದಯೆಯಿಂದ ವಾಸಿಯಾಯಿತೆಂಬುದು ಪ್ರತೀತಿ. ನಂಜನ್ನು ಉಂಡು ಅರಗಿಸಿಕೊಳ್ಳುವುದು ದೇವರಿಗೆ ಸಾಧ್ಯ. ಪಕ್ಕದಲ್ಲೇ ಹರಿಯುವ ಕಪಿಲೆಗೆ ಸಾಧ್ಯವಿಲ್ಲ. ಇಲ್ಲಿ ಹೊಳೆಗೆ ಸೇರಿದ ಕೊಳೆ ಕೆಳಗೆ ಟಿ. ನರಸೀಪುರದ ಸಂಗಮದಲ್ಲಿ ಮೀಯುವವರತ್ತ ಸಾಗುತ್ತದೆ. ಎರಡೂ ಊರುಗಳಲ್ಲಿ ಆಸ್ಪತ್ರೆಗಳಿವೆ. ಅಲ್ಲಿನ ಕಸ ಎಲ್ಲಿಗೆ ಹೋಗಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ. 85 ಭಾಗ ಮನೆಯ ಕಸದಂಥದ್ದೇ: ಕಾಗದ, ಹಣ್ಣಿನ ಸಿಪ್ಪೆ, ಉಳಿದ ಅನ್ನ. ಅಪಾಯದ್ದು ಶೇ. 15 ಮಾತ್ರ. ಆದರೆ ರಕ್ತ ಸೋಕಿದ ಒಂದು ಹಿಡಿ ಹತ್ತಿ ಬಿತ್ತೆಂದರೆ ಇಡೀ ಬುಟ್ಟಿಯೇ ಕೆಟ್ಟಂತೆ, ಹಾಲಿಗೆ ಹುಳಿ ಹಿಂಡಿದ ಹಾಗೆ. ಆದ್ದರಿಂದಲೇ 1998ರ ನಿಯಮವೂ ಅದರ ಬದಲಿಗೆ ಬಂದ 2016ರ ನಿಯಮವೂ ಕಸವನ್ನು ಹುಟ್ಟಿದ ಜಾಗದಲ್ಲೇ ಬೇರ್ಪಡಿಸಬೇಕೆನ್ನುತ್ತವೆ. ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಡ್ರಿಪ್ ಕೊಳವೆ, ಗ್ಲೌಸು, ಸೂಜಿ ತೆಗೆದ ಸಿರಿಂಜು ಕೆಂಪಿಗೆ, ಗಾಜು ನೀಲಿಗೆ, ಸೂಜಿ, ಬ್ಲೇಡು ತೂತಾಗದ ಬಿಳಿ ಡಬ್ಬಿಗೆ. ಹಳದಿಯದನ್ನು ಸುಡುತ್ತಾರೆ. ಕೆಂಪಿನದರ ಕ್ರಿಮಿಗಳನ್ನು ಹಬೆಯಲ್ಲಿ ಕೊಂದು ಮರುಬಳಕೆಗೆ ಕಳಿಸಬಹುದು. ಹಾಗೆ ಮಾಡದೆ ಪಿವಿಸಿ ಪ್ಲಾಸ್ಟಿಕ್ಕನ್ನು ಹಿತ್ತಲಲ್ಲಿ ಗುಡ್ಡೆ ಹಾಕಿ ಸುಟ್ಟರೆ ಅದರಲ್ಲಿರುವ ಕ್ಲೋರಿನ್‌ನಿಂದ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ.

ಇದನ್ನೆಲ್ಲ ಬರೆದು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಕೆಲಸವಾಗದು. ಬಿಳಿ ಡಬ್ಬಿ ವಾರ್ಡಿನ ಆಚೆ ತುದಿಯಲ್ಲಿದ್ದರೆ, ರಾತ್ರಿ ಪಾಳಿಯ ನರ್ಸಮ್ಮನ ಕೈಯಲ್ಲಿನ ಸೂಜಿ ಹತ್ತಿರದ ಬುಟ್ಟಿಗೇ ಬೀಳುತ್ತದೆ. ಬೆಳಿಗ್ಗೆ ಅದು ಚುಚ್ಚುವುದು ಕಸ ತೆಗೆಯುವ ಆಯಾಳ ಬೆರಳನ್ನು! ಹೆಪಟೈಟಿಸ್ ಬಿ, ಎಚ್‌ಐವಿ ಅಂಟಬಹುದಾದ ದಾರಿ ಇದು. ನರ್ಸಮ್ಮನನ್ನು ಬೈಯುವ ಬದಲು ಡಬ್ಬಿಯನ್ನು ಇಂಜೆಕ್ಷನ್ ಟ್ರಾಲಿಯ ಮೇಲೇ ಇಡಬಾರದೆ? ದೊಡ್ಡ ಡಾಕ್ಟರು ಗ್ಲೌಸು ಬಿಸಾಡುವಾಗ ಬಣ್ಣ ನೋಡಿದರೆ ಉಳಿದವರೂ ನೋಡುತ್ತಾರೆ. ಸೂಜಿ ಚುಚ್ಚಿಸಿಕೊಂಡವಳು ಹೆದರದೆ ಹೇಳುವಂತಿರಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ, ಬೇಗನೆ ಶುರುವಾದಷ್ಟೂ ಒಳ್ಳೆಯದು. ವರ್ಷಕ್ಕೊಮ್ಮೆಯಾದರೂ ತರಬೇತಿ ಮತ್ತು ತಪಾಸಣೆ, ಜೊತೆಗೆ ಹೆಪಟೈಟಿಸ್ ಬಿ ಲಸಿಕೆ, ಕಸ ಮುಟ್ಟುವ ಪ್ರತಿಯೊಬ್ಬರಿಗೂ ಸಿಗಬೇಕೆಂದು 2016ರ ನಿಯಮ ಹೇಳುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕಾಯಕಲ್ಪ’ ಯೋಜನೆಯಲ್ಲಿ ಶುಚಿತ್ವಕ್ಕಾಗಿ ಗೆದ್ದ ಸರ್ಕಾರಿ ಆಸ್ಪತ್ರೆಗೆ ಬಹುಮಾನವುಂಟು; ಅದರ ಕಾಲುಭಾಗ ಸಿಬ್ಬಂದಿಗೆ. ಒಳ್ಳೆಯ ಏರ್ಪಾಡೇ, ಆಯಾಳನ್ನು ಮರೆಯದಿದ್ದರೆ.

ಅಂದಹಾಗೆ, ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜನ ಸೂಜಿಯೂ ಚುಚ್ಚುವಂಥದ್ದೇ. ಅದನ್ನು ಗಟ್ಟಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಪೌರಕಾರ್ಮಿಕರ ಕೈಗೆ ಬೇರೆಯಾಗಿಯೇ ಕೊಡಬೇಕು. ಈಗ ಅದು ಯಾವ ಬುಟ್ಟಿಗೆ ಬೀಳುತ್ತಿದೆಯೆಂದು ಮಕ್ಕಳು ಇಂದೇ ನೋಡಬಹುದು.