ಗಾಳದವನನ್ನು ಓಡಿಸಿದರೆ ಕೆರೆ ಉಳಿಯುತ್ತಾ?

ಭಾನುವಾರ ಬೆಳಗ್ಗೆ ಆರು ಗಂಟೆಗೆ ವೈಟ್‌ಫೀಲ್ಡ್, ವರ್ತೂರು, ಆನೇಕಲ್ ಕಡೆಯ ಯಾವುದಾದರೂ ಕೆರೆ ಏರಿ ಮೇಲೆ ನಿಂತು ನೋಡಿ. ನಾಲ್ಕು ತರದ ಜನ ಸಿಗುತ್ತಾರೆ. ಬಿದಿರು ಕಡ್ಡಿಗೆ ದಾರ, ದಾರಕ್ಕೆ ಬೆಂಡು ಕಟ್ಟಿ, ಡಬ್ಬಿಯಲ್ಲಿ ಎರೆಹುಳ ಇಟ್ಟುಕೊಂಡು ಕೂತ ಊರಿನ ತಾತ. ವಾರದ ಒಂದೇ ರಜೆಯಲ್ಲಿ ಸಾರಿಗೆ ನಾಲ್ಕು ಮೀನಾದರೂ ಸಿಗಲಿ ಅಂತ ಬಂದ ಬಿಹಾರ, ಒಡಿಶಾ, ಬಂಗಾಳದ ಫ್ಯಾಕ್ಟರಿ ಹುಡುಗರು. ಸಾವಿರಾರು ರೂಪಾಯಿಯ ರಾಡು, ರೀಲು, ರಬ್ಬರ್ ಕಪ್ಪೆ ತಂದಿರುವ ಸಾಫ್ಟ್‌ವೇರ್ ಹುಡುಗರು. ಕೊನೆಗೆ, ಈ ಮೂರೂ ಜನರನ್ನು ಓಡಿಸೋಕೆ ಬೈಕಲ್ಲಿ ಬರುವ ಗುತ್ತಿಗೆದಾರನ ಕಡೆಯವನು.

ಒಂದೇ ಕೆರೆ, ಇಷ್ಟೊಂದು ಗಾಳ. ಮೀನೂ ಹುಷಾರಾಗಿದೆ. ಮೊದಲು ಎರೆಹುಳ ಇಳಿಸಿದರೆ ಸಾಕು, ಬೆಂಡು ಮುಳುಗುತ್ತಿತ್ತು. ಈಗ ಅರ್ಧ ಗಂಟೆ ಕೂತರೂ ಜಿಲೇಬಿ ಮೀನು ಮೂತಿ ತಾಗಿಸಿ ಹೋಗುತ್ತದೆ ಅಷ್ಟೆ.

ಹಾಗಾಗಿ ಅಪಾರ್ಟ್‌ಮೆಂಟಿನವರು, ಗುತ್ತಿಗೆದಾರರು, ಅಧಿಕಾರಿಗಳು ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಗಾಳ ನಿಲ್ಲಿಸಿ, ಕೆರೆ ಉಳಿಸಿ. ಇದನ್ನು ನಾನು ಒಪ್ಪುವುದಿಲ್ಲ. ಗಾಳದವರಿಗೆ ಕಟ್ಟುಪಾಡು ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಆಗಬೇಕು. ಕೆರೆಯ ಮೀನನ್ನು ಗುತ್ತಿಗೆಗೆ ಕೊಡುವ ಮುಂಚೆ, ಆ ಮೀನು ತಿನ್ನೋಕೆ ಯೋಗ್ಯವಾ ಅಂತ ಪರೀಕ್ಷೆ ಮಾಡಿ, ಉತ್ತರವನ್ನು ಏರಿ ಮೇಲೆ ಬೋರ್ಡ್ ಹಾಕಿ ಬರೆಯಬೇಕು.

ಮೊದಲು ರಬ್ಬರ್ ಕಪ್ಪೆಯ ವಿಷಯ. ಈ ಹುಡುಗರು ಯೂಟ್ಯೂಬ್‌ನಲ್ಲಿ ನೋಡುವುದು ಅಮೆರಿಕದ ಬಾಸ್ ಮೀನಿನ ವಿಡಿಯೋ. ಅಲ್ಲಿ ಅದು ದೊಡ್ಡ ಆಟ, ದೊಡ್ಡ ವ್ಯಾಪಾರ. ನಮ್ಮಲ್ಲಿ ಬಾಸ್ ಇಲ್ಲ. ಆ ಜಾಗದಲ್ಲಿ ನಮಗಿರುವುದು ಕೊರವ. ಕೆಲವು ಕಡೆ ಕೊರಮೀನು ಅನ್ನುತ್ತಾರೆ. ಹಾವಿನಂಥ ತಲೆ, ಮೈಮೇಲೆ ಪಟ್ಟೆ, ಜೊಂಡಿನ ಸಂದಿಯಲ್ಲಿ ಹೊಂಚು ಹಾಕಿ ಕೂರುವ ಬೇಟೆಗಾರ. ನೀರಿನ ಮೇಲೆ ಕಪ್ಪೆ ಕುಪ್ಪಳಿಸಿದರೆ ಧಡ್ ಅಂತ ಬಂದು ನುಂಗುತ್ತದೆ. ಪಕ್ಕದ ತೆಲಂಗಾಣಕ್ಕೆ ಇದು ರಾಜ್ಯದ ಮೀನು. ನಮ್ಮ ಸಂತೆಗಳಲ್ಲಿ ಜೀವಂತ ಕೊರವಕ್ಕೆ ಕಾಟ್ಲಾಗಿಂತ ಒಳ್ಳೆ ಬೆಲೆ ಇದೆ.

ಕೊರವದ ಎರಡು ಗುಣ ತಿಳಿದಿರಬೇಕು. ಒಂದು, ಇದು ಮೇಲಕ್ಕೆ ಬಂದು ಗಾಳಿ ಉಸಿರಾಡುತ್ತದೆ. ಆದ್ದರಿಂದ ಕಾಟ್ಲಾ, ರೋಹು ಸಾಯುವಂಥ ಕೆಟ್ಟ ನೀರಿನಲ್ಲೂ ಬದುಕುತ್ತದೆ. ಕೆರೆ ಬತ್ತಿದರೆ ಕೆಸರಿನೊಳಗೆ ಹುದುಗಿಕೊಂಡು ಮಳೆ ಕಾಯುತ್ತದೆ. ಕ್ಯಾಟ್‌ಫಿಶ್ಶೂ ಹೀಗೇ. ಹಾಗಾಗಿ ‘ನಮ್ಮ ಕೆರೆಯಲ್ಲಿ ದೊಡ್ಡ ದೊಡ್ಡ ಕೊರವ ಇವೆ, ನೀರು ಚೆನ್ನಾಗಿದೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡು, ಇದು ಮಕ್ಕಳನ್ನು ಸಾಕುವ ಮೀನು. ಮಳೆಗಾಲದಲ್ಲಿ ಜೊಂಡಿನ ಪಕ್ಕ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ನೀರಿನ ಮೇಲೆ ಬುರಬುರ ಅನ್ನುವುದನ್ನು ನೀವೂ ನೋಡಿರುತ್ತೀರಿ. ಕೆಳಗೆ ತಂದೆ ತಾಯಿ ಎರಡೂ ಕಾಯುತ್ತಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ದೊಡ್ಡ ಮೀನು ತಕ್ಷಣ ಎರಗುತ್ತದೆ. ಹಸಿವಿಗಲ್ಲ, ಮರಿ ಕಾಯುವ ಸಿಟ್ಟಿಗೆ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಆ ಮೀನು ಚೀಲ ಸೇರಿದ ಮೇಲೆ ಮರಿಗಳು ಕೊಕ್ಕರೆ, ನೀರುಕಾಗೆ, ಜಿಲೇಬಿ ಪಾಲು. ಒಂದು ಗಾಳಕ್ಕೆ ಒಂದು ಸಂಸಾರ ಹೋಯಿತು.

ಅಮೆರಿಕದ ವಿಡಿಯೋ ನೋಡಿ ರೀಲು ತಿರುಗಿಸಲು ಕಲಿತವರು ಅಲ್ಲಿನ ಇನ್ನೊಂದು ಪಾಠವನ್ನೂ ಕಲಿಯಬಹುದಿತ್ತು. ಬಾಸ್ ಕೂಡ ಮೊಟ್ಟೆ ಮರಿ ಕಾಯುವ ಮೀನೇ. ಅಮೆರಿಕ, ಕೆನಡಾದ ಕೆಲವು ಕಡೆ ಆ ಕಾಲದಲ್ಲಿ ಅದನ್ನು ಹಿಡಿಯುವುದಕ್ಕೆ ನಿರ್ಬಂಧ ಇದೆ. ಅಷ್ಟು ದೂರ ಯಾಕೆ, ನಮ್ಮ ಕರಾವಳಿಯಲ್ಲೇ ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮರಿ ಜೊತೆಗಿರುವ ಕೊರವವನ್ನು ಮುಟ್ಟಬಾರದು ಅನ್ನುವ ಕಟ್ಟುಪಾಡನ್ನು ನಮ್ಮ ಊರುಗಳೇ ಮಾಡಿಕೊಳ್ಳಬಹುದು. ಅದಕ್ಕೆ ವಿಧಾನಸೌಧದ ತನಕ ಹೋಗಬೇಕಿಲ್ಲ.

ಗಾಳದವರಿಗೆ ಹೇಳುವುದು ಇಷ್ಟೇ. ಈಗ ಗುತ್ತಿಗೆ ವಿಷಯಕ್ಕೆ ಬರೋಣ.

ಹಿಂದೆ ನಮ್ಮ ಕಡೆ ಕೆರೆಗೆ ಬೇಸಿಗೆ ಅಂತ ಒಂದಿತ್ತು. ನೀರು ಇಳಿಯುತ್ತಿತ್ತು. ತೂಬಿನ ಹತ್ತಿರದ ಗುಂಡಿಯಲ್ಲಿ ಮೊಣಕಾಲುದ್ದ ಉಳಿದಾಗ ಊರಿಗೆ ಊರೇ ಕೂಳಿ, ಬುಟ್ಟಿ, ಬಲೆ ಹಿಡಿದು ಇಳಿಯುತ್ತಿತ್ತು. ಅವತ್ತು ಮನೆಮನೆಯಲ್ಲೂ ಮೀನು ಸಾರು. ಆಮೇಲೆ ಕೆರೆಯ ಗೋಡುಮಣ್ಣು ಹೊಲಕ್ಕೆ. ಕೆರೆಗೆ ಬಿಸಿಲು ತಾಗಿ, ಮಳೆಗೆ ಮತ್ತೆ ತುಂಬುತ್ತಿತ್ತು.

ಈಗ ನಮ್ಮ ಕೆರೆಗಳಿಗೆ ಬೇಸಿಗೆಯೇ ಇಲ್ಲ. ಏಪ್ರಿಲ್‌ನಲ್ಲೂ ತುಂಬಿರುತ್ತವೆ. ಯಾಕೆ ಅಂತ ಎಲ್ಲರಿಗೂ ಗೊತ್ತು. ರಾಜಕಾಲುವೆಯಲ್ಲಿ ವರ್ಷವಿಡೀ ಹರಿಯುವುದು ಮಳೆ ನೀರಲ್ಲ, ನಮ್ಮೆಲ್ಲರ ಬಚ್ಚಲು, ಶೌಚಾಲಯ, ಫ್ಯಾಕ್ಟರಿಗಳ ನೀರು. ಬೆಳ್ಳಂದೂರಿಂದ ವರ್ತೂರಿಗೆ, ವರ್ತೂರಿನ ಕೋಡಿಯಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿಗೆ. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಬಿತ್ತು. ವರ್ತೂರು ಕೋಡಿಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದುದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಕೊನೆಗೆ ಎರಡೂ ಕೆರೆಗಳ ನೀರು ಬೇರೆ ಕಡೆ ತಿರುಗಿಸಿ ಹೂಳೆತ್ತಬೇಕಾಯಿತು. ಆ ನೊರೆ, ಆ ಬೆಂಕಿ ಯಾವ ತಾತನ ಗಾಳದಿಂದ ಬಂತು?

ವರ್ಷವಿಡೀ ನೀರಿರುವ ಕೆರೆ ಗುತ್ತಿಗೆದಾರನಿಗೆ ಚಿನ್ನ. ದೊಡ್ಡ ಕೆರೆಗಳ ಮೀನು ಹಕ್ಕನ್ನು ಮೀನುಗಾರಿಕೆ ಇಲಾಖೆ, ಸಣ್ಣವನ್ನು ಗ್ರಾಮ ಪಂಚಾಯ್ತಿ ಗುತ್ತಿಗೆಗೆ ಕೊಡುತ್ತವೆ. ಸಾಮಾನ್ಯವಾಗಿ ಐದು ವರ್ಷಕ್ಕೆ. ಹಕ್ಕು ಪಡೆದವನು ಕಾಟ್ಲಾ, ರೋಹು, ಗೆಂಡೆ ಮರಿ ಬಿಡುತ್ತಾನೆ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಮರಿ ತಂದೇ ಬಿಡಬೇಕು. ಖರ್ಚು ಅವನದು, ಕಾವಲೂ ಅವನದು. ಕಾನೂನಿನ ಪ್ರಕಾರ ಗಾಳದವನನ್ನು ಎಬ್ಬಿಸುವ ಹಕ್ಕೂ ಅವನಿಗಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಒಂದು ತಮಾಷೆ ಮಾತ್ರ ಹೇಳಬೇಕು. ಕೊರವ ತಿನ್ನುವುದು ಗುತ್ತಿಗೆದಾರ ಬಿಟ್ಟ ಮೀನುಮರಿಗಳನ್ನೇ. ಹಾಗೆ ನೋಡಿದರೆ ಕೊರವ ಹಿಡಿಯುವ ಗಾಳದವನಿಗೆ ಅವನು ಟೀ ಕುಡಿಸಬೇಕು.

ತಕರಾರು ಇರುವುದು ಬೇರೆ ಕಡೆ. ಗುತ್ತಿಗೆಯ ಕಾಗದದಲ್ಲಿ ಹಣದ ಲೆಕ್ಕ ಇದೆ, ಅವಧಿ ಇದೆ. ಆ ಮೀನು ತಿನ್ನುವವರ ಹೊಟ್ಟೆಯ ಲೆಕ್ಕ ಎಲ್ಲಿದೆ?

‘ಮಾಲಿನ್ಯ ಮಂಡಳಿ ಪ್ರತಿ ತಿಂಗಳು ಕೆರೆ ನೀರು ಪರೀಕ್ಷೆ ಮಾಡುತ್ತಲ್ಲ’ ಅನ್ನಬಹುದು. ಮಾಡುತ್ತದೆ. ನೀರಿಗೆ ಎ ಇಂದ ಇ ತನಕ ದರ್ಜೆ ಕೊಡುತ್ತದೆ. ಬೆಂಗಳೂರು ಸುತ್ತಲಿನ ಹೆಚ್ಚಿನ ಕೆರೆಗಳು ಡಿ ಅಥವಾ ಇ. ಇ ಅಂದರೆ ವ್ಯವಸಾಯಕ್ಕೆ, ಕಾರ್ಖಾನೆಯ ಯಂತ್ರ ತಂಪು ಮಾಡುವುದಕ್ಕೆ. ಡಿ ಅಂದರೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ಆಗುವ ನೀರು. ಡಿ ಅಂತ ಕೇಳಿದ ತಕ್ಷಣ ಪಂಚಾಯ್ತಿಯವರು ‘ಮೀನಿಗೆ ಯೋಗ್ಯ ಅಂತ ಸರ್ಕಾರವೇ ಹೇಳಿದೆ’ ಅನ್ನುತ್ತಾರೆ. ಇಲ್ಲೇ ಇರುವುದು ಮೋಸ. ಡಿ ದರ್ಜೆಗೆ ನೋಡುವುದು ಮೂರೇ ಸಂಗತಿ. ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ, ಪಿಎಚ್ 6.5ರಿಂದ 8.5, ಅಮೋನಿಯಾ 1.2 ಮಿಲಿಗ್ರಾಂ ಒಳಗೆ. ಇದು ಮೀನು ಬದುಕುತ್ತದೆಯೇ ಅನ್ನುವ ಪರೀಕ್ಷೆ. ಮೀನು ತಿಂದವನು ಚೆನ್ನಾಗಿರುತ್ತಾನೆಯೇ ಅನ್ನುವ ಪರೀಕ್ಷೆ ಅಲ್ಲ. ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ ಈ ಮೂರರಲ್ಲಿ ಎಲ್ಲೂ ಇಲ್ಲ.

ಮನೆ ಬಚ್ಚಲಿನ ನೀರು ಮಾತ್ರ ಬರುವ ಕೆರೆಯಾದರೆ ಭಯ ಸ್ವಲ್ಪ ಕಮ್ಮಿ. ನಮ್ಮದು ಕೈಗಾರಿಕೆ ಬೆಲ್ಟು. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಸುತ್ತ ಅಂತರ್ಜಲದಲ್ಲೇ ಕ್ರೋಮಿಯಂ ಸಿಕ್ಕಿದೆ. ವೃಷಭಾವತಿ ಹೊತ್ತು ತಂದದ್ದೆಲ್ಲ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಮುಂದೆ, ಆನೇಕಲ್ ತಾಲ್ಲೂಕಿನ ಚಂದಾಪುರ ಕೆರೆಯ ಮಾಲಿನ್ಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2022ರಲ್ಲಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕು ಅಂತ ಆದೇಶ ಮಾಡಿತ್ತು. ಇಂಥ ನೀರಿನಲ್ಲಿ ಬೆಳೆದ ಗೆಂಡೆ, ಕ್ಯಾಟ್‌ಫಿಶ್ ತಳದ ಕೆಸರು ಕೆದಕಿ ತಿನ್ನುವ ಮೀನುಗಳು. ಲೋಹ ಕೂರುವುದೂ ತಳದ ಕೆಸರಿನಲ್ಲೇ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ನಮ್ಮ ಕೆರೆಗಳಲ್ಲಿ ಅದು ಮೈ ತುಂಬಿಕೊಂಡು ಓಡಾಡುತ್ತಿದೆ. ಭಾನುವಾರ ಕಟ್ಟೆ ಮೇಲೆ ಕಡಿಮೆ ಬೆಲೆಗೆ ಸಿಗುವುದೂ ಅದೇ. ಕೊಳ್ಳುವವರು ಯಾರು? ಶೆಡ್ಡಿನಲ್ಲಿ ಇರುವವರು, ಕೂಲಿಯವರು, ಮಟನ್ ಬೆಲೆ ಕೇಳಿ ವಾಪಸ್ ಬಂದವರು.

ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಮೀನಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಎಷ್ಟರ ತನಕ ಇರಬಹುದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಈಗಾಗಲೇ ಇದೆ. ಅಂಗಡಿಯ ಪ್ಯಾಕೆಟ್ ಮೀನಿಗೆ ಇರುವ ಮಿತಿ ಕೆರೆ ಮೀನಿಗೂ ಅನ್ವಯಿಸುತ್ತದೆ. ಗುತ್ತಿಗೆಗೆ ಮೊದಲು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಕೆರೆಯಿಂದ ಮೂರು ನಾಲ್ಕು ಜಾತಿಯ ಮೀನು ಹಿಡಿದು ಲ್ಯಾಬಿಗೆ ಕಳಿಸಲಿ. ಗುತ್ತಿಗೆಯಿಂದ ಬರುವ ದುಡ್ಡಿನಲ್ಲೇ ಇದನ್ನು ಮಾಡಬಹುದು. ಪಾಸಾದರೆ ಬೋರ್ಡ್ ಹಾಕಿ, ಗುತ್ತಿಗೆದಾರನಿಗೂ ಒಳ್ಳೆ ಬೆಲೆ ಸಿಗುತ್ತದೆ. ಫೇಲಾದರೆ ಆ ಕೆರೆಯ ಮೀನು ಮಾರಾಟಕ್ಕೆ ಬರಬಾರದು. ‘ಕಾಯಕಲ್ಪ ಆಯ್ತು’ ಅಂತ ಟೇಪ್ ಕತ್ತರಿಸುವ ಕೆಲಸವೂ ಅಲ್ಲಿಗೆ ನಿಲ್ಲಲಿ. ವಾಕಿಂಗ್ ಪಾತ್, ಬೆಂಚು, ಬಣ್ಣದ ಲೈಟು ಹಾಕಿದ ಮಾತ್ರಕ್ಕೆ ಕೆರೆ ಗುಣವಾಗುವುದಿಲ್ಲ.

ಇದು ಆಗದ ಮಾತು ಅಂತಲೂ ಅಲ್ಲ. ಉತ್ತರದ ಜಕ್ಕೂರು ಕೆರೆಗೆ ಬರುವ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕ ದಾಟಿ, ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಅಲ್ಲಿ ಮೀನುಗಾರಿಕೆ ನಡೆಯುತ್ತಿದೆ, ಹಕ್ಕಿಗಳೂ ಇವೆ. ನಮ್ಮ ಕೆರೆಗಳಲ್ಲಿ ಜೊಂಡು ಕಂಡರೆ ಸಾಕು, ಜೆಸಿಬಿ ತಂದು ಕೀಳುತ್ತಾರೆ. ಅಂತರಗಂಗೆ ಕೀಳಲಿ, ಅದು ಸರಿ. ನೀರು ಒಳಗೆ ಬರುವ ಬಾಯಲ್ಲಿ ಜೊಂಡು ಇರಬೇಕು. ಕೊರವ ಮರಿ ಮಾಡುವುದೂ ಅಲ್ಲೇ.

ಕೋಲಾರದ ಓದುಗರಿಗೂ ಇದು ದೂರದ ವಿಷಯ ಅಲ್ಲ. ಕೆ.ಸಿ. ವ್ಯಾಲಿ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯಿತು. ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿದ ನೀರು. ಕೆರೆ ತುಂಬಿದ್ದು ಖುಷಿಯೇ. ಆ ಕೆರೆಗಳ ಮೀನಿಗೂ ಇದೇ ಪರೀಕ್ಷೆ ಬೇಕು.

ಅಲ್ಲಿಯ ತನಕ ತಿನ್ನುವವರು ಏನು ಮಾಡಬೇಕು ಅಂತ ಕೇಳುತ್ತೀರಿ. ಫ್ಯಾಕ್ಟರಿ ನೀರು ಸೇರುವ ಕೆರೆಯ ಮೀನು ಬೇಡ, ಮುಖ್ಯವಾಗಿ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ. ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಸೇರುವುದು ಈಲಿ, ಕಿವಿರು, ಮೂಳೆಯಲ್ಲಿ. ತಲೆ ಸಾರು ಎಷ್ಟೇ ರುಚಿಯಾದರೂ ಇಂಥ ಕೆರೆಯದ್ದು ಬಿಡಿ. ಪಾದರಸ ಮಾಂಸಕ್ಕೇ ಇಳಿಯುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಮೊದಲ ಮಳೆ ಬಿದ್ದ ಮಾರನೇ ದಿನ ತೇಲಿದ ಮೀನನ್ನಂತೂ ಯಾರೂ ಮನೆಗೆ ತರಬೇಡಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರಬಹುದು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ನೀರಲ್ಲಿ ಉಸಿರಿಗೆ ಗಾಳಿ ಇಲ್ಲ ಅಂತ ಅರ್ಥ. ಅದನ್ನು ಮೊದಲು ಕಾಣುವವನು ಆರು ಗಂಟೆಗೆ ಏರಿ ಮೇಲೆ ಕೂತ ಗಾಳದವನೇ, ಹತ್ತು ಗಂಟೆಗೆ ಕಚೇರಿಗೆ ಬರುವ ಅಧಿಕಾರಿ ಅಲ್ಲ. ಆ ಕಣ್ಣನ್ನು ಯಾಕೆ ಓಡಿಸಬೇಕು? ಕೆರೆಯ ಒಂದು ಮೂಲೆಯನ್ನು, ವಾರದ ಎರಡು ದಿನವನ್ನು ಗಾಳಕ್ಕೆ ಅಂತ ಗುತ್ತಿಗೆ ಷರತ್ತಿನಲ್ಲೇ ಬಿಡಿಸಿಕೊಳ್ಳಬಹುದು. ಊರಿನವನಾಗಲಿ, ಒಡಿಶಾದವನಾಗಲಿ, ರೀಲಿನವನಾಗಲಿ, ಎಲ್ಲರಿಗೂ ಒಂದೇ ನಿಯಮ: ಒಬ್ಬರಿಗೆ ಒಂದು ಗಾಳ, ಮರಿ ಜೊತೆಗಿರುವ ಕೊರವ ಮುಟ್ಟಬಾರದು, ತುಂಡಾದ ನೈಲಾನ್ ದಾರ ಅಲ್ಲೇ ಬಿಸಾಡಬಾರದು.

ನಿಮ್ಮ ಊರಿನ ಕೆರೆಯ ಗುತ್ತಿಗೆ ಯಾವ ತಿಂಗಳು ಮುಗಿಯುತ್ತದೆ ಅಂತ ಪಿಡಿಒ ಅವರನ್ನು ಕೇಳಿ. ದೊಡ್ಡ ಕೆರೆಯಾದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ. ಬಾಯಿ ಮಾತಲ್ಲಿ ಹೇಳದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅದರಲ್ಲಿ ಎರಡೇ ಪ್ರಶ್ನೆ ಸಾಕು: ಈ ಕೆರೆಯ ಮೀನಿನ ಮಾಂಸವನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ವರದಿಯ ಪ್ರತಿ ಎಲ್ಲಿದೆ? ಬಂದ ಉತ್ತರವನ್ನು ಫೋಟೋ ತೆಗೆದು ನಮಗೂ ಕಳಿಸಿ, ಕೆರೆಯ ಹೆಸರಿನ ಜೊತೆ ಇಲ್ಲೇ ಹಾಕುತ್ತೇವೆ.