ಮಗುವಿನ ಹೃದಯ ಕಾಯಲಾರದು

2020ನೆಯ ಇಸವಿ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಮುಂಬಯಿಯ ಲೋಕಲ್ ಗಾಡಿಗಳು ನಿಂತಿದ್ದವು. ಹೋಟೆಲುಗಳ ಒಲೆ ಆರಿತು. ದುಡಿದು ತಿನ್ನುವವರ ಕೈ ಬರಿದಾಯಿತು. ಆ ಕಷ್ಟವನ್ನು ಎಲ್ಲರೂ ಬಲ್ಲರು. ಆದರೆ ಹುಟ್ಟುವಾಗಲೇ ಹೃದಯದ ದೋಷ ಹೊತ್ತು ಬಂದ ಮಕ್ಕಳಿಗೆ ಆದ ಅನ್ಯಾಯದ ಕುರಿತು ಸಾಕಷ್ಟು ಮಾತಾಗಿಲ್ಲ.

ಸಾವಿರ ಶಿಶುಗಳಲ್ಲಿ ಸುಮಾರು 8ಕ್ಕೆ ಇಂಥ ದೋಷವಿರುತ್ತದೆ. ಕೆಲವು ಸಣ್ಣ ರಂಧ್ರಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಲವಕ್ಕೆ ಕಾಲದ ಗಡುವಿದೆ. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿದ್ದರೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಕ್ರಿಯೆ ಆಗಬೇಕು. ಕೆಳಗಿನ ಕೋಣೆಗಳ ನಡುವೆ ದೊಡ್ಡ ರಂಧ್ರವಿದ್ದರೆ ಶ್ವಾಸಕೋಶಕ್ಕೆ ರಕ್ತ ಅತಿಯಾಗಿ ನುಗ್ಗಿ ಅಲ್ಲಿನ ನಾಳಗಳು ಗಡುಸಾಗುತ್ತವೆ. ಹೊತ್ತು ಮೀರಿದರೆ ರಂಧ್ರ ಮುಚ್ಚುವುದೇ ಅಪಾಯವಾಗುತ್ತದೆ. ‘ಮುಂದೂಡಬಹುದಾದ ಶಸ್ತ್ರಕ್ರಿಯೆ’ ಎಂಬ ಕಚೇರಿಯ ಮಾತು ಇಂಥ ಮಗುವಿಗೆ ಸಲ್ಲದು.

ಆದರೂ ಮುಂದೂಡಲಾಯಿತು. ದೇಶದ 24 ಮಕ್ಕಳ ಹೃದಯ ಚಿಕಿತ್ಸಾ ಕೇಂದ್ರಗಳ ಲೆಕ್ಕವನ್ನು ವೈದ್ಯರೇ ಕೂಡಿಸಿದರು. 2020ರ ಏಪ್ರಿಲಿನಿಂದ ಆಗಸ್ಟಿನವರೆಗೆ ನಡೆದ ಶಸ್ತ್ರಕ್ರಿಯೆಗಳು ಹಿಂದಿನ ವರ್ಷದ ಅರ್ಧಕ್ಕೂ ಕೆಳಗಿಳಿದಿದ್ದವು. ರೋಗವೇನೂ ಅರ್ಧವಾಗಿರಲಿಲ್ಲ! ಹಾಸಿಗೆ, ದಾದಿಯರು, ಉಸಿರಾಟದ ಯಂತ್ರಗಳು ಕೋವಿಡ್‌ಗೆ ಮೀಸಲಾದವು. ರಕ್ತದಾನ ಶಿಬಿರಗಳು ನಿಂತು ರಕ್ತಕ್ಕೂ ಅಭಾವ ಬಂತು. ಇತ್ತ ತಾಯಿತಂದೆಯರಿಗೆ ಗಾಡಿಯಿಲ್ಲ, ಹಣವಿಲ್ಲ. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತೆಂಬ ಭಯ ಬೇರೆ. ಸ್ವಂತ ಕಾರಿದ್ದವರು ಹೇಗೋ ತಲುಪಿದರು. ಕೆಲಸ ಕಳೆದುಕೊಂಡು ಊರು ಸೇರಿದವನಿಗೆ ಚೀಟಿ ಒಂದು ಊರಿನ ಆಸ್ಪತ್ರೆಯದು, ಮಗು ಇನ್ನೊಂದು ಊರಿನಲ್ಲಿ.

ಸಾಂಕ್ರಾಮಿಕ ಮತ್ತೆ ಬರುವುದಿಲ್ಲವೆಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ. ಆದುದರಿಂದ ಸರಕಾರವನ್ನು ನಾವು ಕೇಳುವುದಿಷ್ಟೇ: ಪ್ರತಿ ಮಹಾನಗರದಲ್ಲಿ ಮಕ್ಕಳ ಹೃದಯ ಚಿಕಿತ್ಸೆಯ ಒಂದು ವಿಭಾಗವನ್ನಾದರೂ ಯಾವ ಕಾಲಕ್ಕೂ ಮುಚ್ಚಬಾರದು, ತಡೆಯಲಾರದ ಮಕ್ಕಳ ಪಟ್ಟಿ ಸಿದ್ಧವಿರಬೇಕು, ಅವರ ಪ್ರಯಾಣಕ್ಕೆ ತಡೆಯಿರಬಾರದು, ಒಂದು ರಾಜ್ಯದ ಕಾಗದಪತ್ರ ಇನ್ನೊಂದು ರಾಜ್ಯದಲ್ಲಿ ನಡೆಯಬೇಕು.

ನಮ್ಮ ಕರ್ತವ್ಯವೂ ಇದೆ. ಹಾಲು ಕುಡಿಯುವಾಗ ಮಗು ಬೆವರಿ ಏದುಸಿರು ಬಿಟ್ಟರೆ, ತುಟಿ ಉಗುರು ನೀಲಿಯಾದರೆ, ತೂಕ ಏರದಿದ್ದರೆ ‘ದೃಷ್ಟಿ ತಾಗಿದೆ’ ಎಂದು ಕೂರಬೇಡಿರಿ. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಈ.ಎಸ್.ಐ. ಚೀಟಿಯಲ್ಲಿ ಮನೆಮಂದಿಯ ಹೆಸರು ಸೇರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಹೃದಯದೋಷದ ತಪಾಸಣೆಯೂ ಸೇರಿದೆಯೆಂಬುದನ್ನು ಊರಿನವರಿಗೂ ತಿಳಿಸಿರಿ. ರಕ್ತ ಕೊಡಬಲ್ಲವರು ಕೊಡಿರಿ. ದುಡಿಯುವವನ ಮಗು ಬಡತನದಿಂದ ಸಾಯಬಾರದು. ಸರದಿ ಕಾಯುತ್ತ ಸಾಯುವುದಂತೂ ಕೂಡದು.