ವೇಗ ಮತ್ತು ತಂಪು

ಕೊಂಡ ವಸ್ತುವನ್ನು ಕೊಂಡಂತೆಯೇ ಬಳಸುವವರು ಬಹುಮಂದಿ. ಅದರ ಎಲ್ಲೆಯನ್ನು ಅರಿಯಬಯಸುವವರು ವಿರಳ. ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರನ್ನು ಜೋಡಿಸಿ, ಅದರ ವೇಗವನ್ನು ಹೆಚ್ಚಿಸುವ ಹವ್ಯಾಸಿಗಳು ಈ ವಿರಳರ ಸಾಲಿಗೆ ಸೇರಿದವರು.

1998ರಲ್ಲಿ ಇಂಟೆಲ್ ಸಂಸ್ಥೆಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಅದರ ನಿಗದಿತ ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಬಡಿತವನ್ನು ಹವ್ಯಾಸಿಗಳು 100ಕ್ಕೆ ಏರಿಸಿದರು. ಹಲವರ ಪ್ರೊಸೆಸರುಗಳು 450 ಮೆಗಾಹರ್ಟ್ಸ್ ವೇಗದಲ್ಲಿ ನಿರಾಯಾಸವಾಗಿ ದುಡಿದವು!

ಆದರೆ ಪ್ರಕೃತಿಯು ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ವೇಗದೊಡನೆ ಶಾಖವೂ ಏರುತ್ತದೆ. ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಶಾಖವು ಸುಮಾರು ಇಪ್ಪತ್ತೊಂದರಷ್ಟು ಹೆಚ್ಚುತ್ತದೆ. ಅದನ್ನು ಹೊರಸಾಗಿಸಲು ಲೋಹದ ರೆಕ್ಕೆಗಳು, ಫ್ಯಾನು, ಕೊಳವೆಯಲ್ಲಿ ಹರಿಯುವ ನೀರು ಬೇಕು. ದಾಖಲೆಯ ಬೆನ್ನುಹತ್ತಿದವರು ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ನೈಟ್ರೋಜನನ್ನೇ ಸುರಿಯುತ್ತಾರೆ.

ಇದು ಹಣ ಪೋಲುಮಾಡುವ ಹುಚ್ಚೆಂದು ಕೆಲವರು ಹಳಿಯುವುದುಂಟು. ಯಂತ್ರ ಸುಟ್ಟುಹೋದರೆ ನಷ್ಟ ತಪ್ಪದೆಂಬುದೂ ನಿಜ. ಆದರೂ ಈ ಹವ್ಯಾಸವು ಕಲಿಸುವ ಶಿಸ್ತು ದೊಡ್ಡದು: ಸ್ವಲ್ಪಸ್ವಲ್ಪವೇ ಏರಿಸುವುದು, ಪ್ರತಿ ಹೆಜ್ಜೆಯಲ್ಲೂ ಉಷ್ಣತೆಯನ್ನು ಅಳೆಯುವುದು, ಯಂತ್ರ ತಡವರಿಸಿದೊಡನೆ ಹಿಂದೆ ಸರಿಯುವುದು. ವೇಗವನ್ನು ಬಯಸುವವನು ಮೊದಲು ತಂಪನ್ನು ಸಾಧಿಸಬೇಕು. ಈ ಮಾತು ಯಂತ್ರಕ್ಕೆ ಮಾತ್ರವಲ್ಲ, ಅದನ್ನು ನಡೆಸುವ ಮನಸ್ಸಿಗೂ ಸಲ್ಲುತ್ತದೆ.